ಲೀಲಾ ವೈನಿ ಮತ್ತು ಹದಿನಾರು ತಂತಿ

ನಮ್ಮ ಅಣ್ಣ ಪ್ರಸನ್ನನಿಗೆ ಹೆಣ್ಣು ನೋಡಲು ಹೋದ ದಿನ ಪರೀಕ್ಷೆಯಾದದ್ದು ನಮ್ಮದೇ. ನಾಗಪುರದ ಅಜನಿ ರೈಲ್ವೆ ಕ್ವಾರ್ಟರ್ಸಿನಲ್ಲಿ ಉಪ್ಪಿಟ್ಟಿನ ತಟ್ಟೆ ತಂದಿಟ್ಟ ಹುಡುಗಿ ತಲೆ ತಗ್ಗಿಸಲಿಲ್ಲ. "ಬ್ಯಾಂಕಿನ್ಯಾಗ ಅದೀನಿ ಅಂದ್ರಿ. ಯಾವ ಬ್ರಾಂಚು?" ಎಂದು ಅಣ್ಣನನ್ನೇ ಕೇಳಿದಳು. ಅಣ್ಣ ಹೇಳಿದ. ಮರುದಿನ ಅವಳು ಆ ಬ್ರಾಂಚಿಗೆ ಹೋಗಿ, ಡ್ರಾಫ್ಟಿನ ಸಾಲಿನಲ್ಲಿ ಅರ್ಧ ತಾಸು ನಿಂತು, ಕೌಂಟರಿನ ಹಿಂದೆ ಅಣ್ಣ ಕೂತಿರುವುದನ್ನು ಕಣ್ಣಾರೆ ನೋಡಿ ಬಂದ ಮೇಲೆಯೇ ಮದುವೆಗೆ ಹೂಂ ಅಂದದ್ದು.

ಅಂದಿನಿಂದ ಅವರು ನನಗೆ ಲೀಲಾ ವೈನಿ. ನಮ್ಮ ಹುಬ್ಬಳ್ಳಿ ಕಡೆ ಅಣ್ಣನ ಹೆಂಡತಿಯನ್ನು ಹಾಗೇ ಕರೆಯುವುದು. ನಾನು ಸುಮೇಧಾ, ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮದುವೆಯಾಗದ ನಾನು, ಅಣ್ಣ, ವೈನಿ ಮೂವರೂ ನಾಗಪುರದ ಲಕ್ಷ್ಮೀ ನಗರದ ಒಂದೇ ಮನೆಯಲ್ಲಿ ಇದ್ದುದರಿಂದ ಈ ಕತೆಯ ಅರ್ಧ ನಾನು ಕಂಡದ್ದು, ಉಳಿದರ್ಧ ಅವರ ಬಾಯಿಂದಲೇ ಕೇಳಿದ್ದು.

ವೈನಿಯ ಸಂಶಯ ತಂದೆಯಿಂದ ಬಂದದ್ದು. ತಂದೆ ಸಿದ್ದಲಿಂಗಯ್ಯನವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ನಾಗಪುರಕ್ಕೆ ವರ್ಗವಾಗಿ ಬಂದವರು. ಇಂಜಿನ್ನುಗಳ ಒತ್ತಡ ತೋರಿಸುವ ಮೀಟರುಗಳನ್ನು ಬಿಚ್ಚಿ ಪರೀಕ್ಷಿಸುವುದು ಅವರ ಕೆಲಸ. "ಮುಳ್ಳು ಒಂದ ಕಡೆ ನಿಂತೈತಿ ಅಂದ್ರ ಅದು ಖರೇ ಹೇಳಾಕತ್ತೈತಿ ಅಂತ ತಿಳೀಬ್ಯಾಡವ್ವ, ಸತ್ತೂ ಹೋಗಿರಬಹುದು," ಅನ್ನುತ್ತಿದ್ದರಂತೆ. ಮಗಳು ಐಟಿಐಯಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ವಿಭಾಗ ಸೇರಿದಾಗ ಮೂವತ್ತು ಹುಡುಗರ ನಡುವೆ ಒಬ್ಬಳೇ ಹುಡುಗಿ. ತೊಂಬತ್ತರಲ್ಲಿ ನಾಗಪುರದ ಹತ್ತಿರದ ಬುಟಿಬೋರಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಟ್ರ್ಯಾಕ್ಟರಿನ ಗೇರು ಚಕ್ರಗಳನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಕಾರ್ಖಾನೆ ಅದು.

ಅಲ್ಲಿ ಎರಡು ಭಟ್ಟಿಗಳಿದ್ದವು, ಒಂದು ದೊಡ್ಡದು, ಒಂದು ಸಣ್ಣದು. ಎರಡರಲ್ಲೂ ಸಾಲಾಗಿ ಎಂಟೆಂಟು ಕೋಣೆಗಳು. ಕಬ್ಬಿಣದ ಪಟ್ಟಿಯ ಮೇಲೆ ಗೇರುಗಳು ಒಂದು ಕೋಣೆಯಿಂದ ಇನ್ನೊಂದಕ್ಕೆ ನಿಧಾನಕ್ಕೆ ಸರಿಯುತ್ತ ಹೋಗುತ್ತವೆ. ಪ್ರತಿ ಕೋಣೆಯ ಬೆಂಕಿಯನ್ನು ಹೆಚ್ಚು ಕಡಿಮೆ ಮಾಡಲು ಒಂದೊಂದು ಕಂಟ್ರೋಲರ್ ಪೆಟ್ಟಿಗೆ. ಆ ಪೆಟ್ಟಿಗೆಯೇ ತಪ್ಪಿದರೆ ಹಿಡಿಯಲು ಬೇರೆ ಸಾಕ್ಷಿ ಬೇಕಲ್ಲ, ಅದಕ್ಕೆಂದು ಪ್ರತಿ ಕೋಣೆಗೆ ಶಾಖ ಅಳೆಯುವ ಇನ್ನೊಂದು ತಂತಿ ಇಳಿಬಿಟ್ಟಿದ್ದರು. ಹೀಗೆ ಎರಡು ಭಟ್ಟಿಯಿಂದ ಹದಿನಾರು ತಂತಿ. ತೊಂಬತ್ನಾಲ್ಕರಲ್ಲಿ ಒಂದು ಕಂಪ್ಯೂಟರ್ ತಂದು, ಅದರೊಳಗೆ ತಂತಿಯ ಶಾಖವನ್ನು ಅಂಕಿಯಾಗಿಸುವ ಮೊಳದುದ್ದದ ಒಂದು ಕಾರ್ಡ್ ಕೂರಿಸಿ, ಹದಿನಾರೂ ತಂತಿಗಳನ್ನು ಅದಕ್ಕೆ ಸೇರಿಸಿದರು. ಕಪ್ಪು ಪರದೆಯ ಮೇಲೆ ಹಸಿರು ಅಂಕಿಗಳು ಬಂದವು.

ವೈನಿ ಆ ಅಂಕಿಗಳನ್ನು ಹತ್ತು ವರ್ಷ ಕಾವಲು ಕಾದರು. ಪ್ರತಿ ಸೋಮವಾರ, ತಂತಿಗಳೆಲ್ಲ ಬಂದು ಸೇರುವ ಪ್ಯಾನೆಲ್ ತೆಗೆದು, ಒಂದೊಂದು ತಂತಿಯ ಎರಡು ಸ್ಕ್ರೂಗಳಿಗೂ ಸೇರಿ ತಾಮ್ರದ ತುಂಡೊಂದನ್ನು ಒತ್ತಿ ಹಿಡಿಯುವರು. ಹಾಗೆ ಹಿಡಿದರೆ ಆ ಕೋಣೆಯ ಅಂಕಿ ತಟ್ಟನೆ ಎಂಟುನೂರರಿಂದ ಮೂವತ್ತಕ್ಕೆ, ಅಂದರೆ ಹೊರಗಿನ ಗಾಳಿಯ ಶಾಖಕ್ಕೆ, ಇಳಿಯಬೇಕು. ಇಳಿದರೆ ಅಂಕಿ ಜೀವಂತ ಇದೆ ಅಂತ. ಅದನ್ನು ಒಂದು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ, ಕನ್ನಡದ್ದೇ ಅಂಕಿಗಳಲ್ಲಿ ಬರೆದಿಡುವರು. ಮನೆಯಲ್ಲಿ ತಂದೆ ಹಾಕಿಕೊಟ್ಟ ರೂಢಿ ಅದು. ಆ ಬರಹವನ್ನು ಓದಬಲ್ಲವರು ಕಾರ್ಖಾನೆಯಲ್ಲಿ ಒಬ್ಬರೂ ಇರಲಿಲ್ಲ.

ಎರಡು ಸಾವಿರದ ನಾಲ್ಕರ ಫೆಬ್ರವರಿಯಲ್ಲಿ ಹಳೆಯ ಕಂಪ್ಯೂಟರ್ ಬಿಸಿಗೆ ಎರಡು ಸಲ ನಿಂತುಹೋಯಿತು. ಆಗಷ್ಟೇ ಬಂದಿದ್ದ ಮ್ಯಾನೇಜರ್ ವಾನಖೇಡೆ ಸಾಹೇಬರು ಹೊಸದು ತರಿಸಿದರು. ಆದರೆ ಕಾರ್ಡ್ ಹಳೆಯದೇ ಇರಬೇಕಾಯಿತು. ಹದಿನಾರು ತಂತಿಗಳ ಜೋಡಣೆ ಬದಲಿಸಬೇಕೆಂದರೆ ಭಟ್ಟಿಯನ್ನು ವಾರಗಟ್ಟಲೆ ಆರಿಸಬೇಕು. ಹೀಗಾಗಿ ಆ ಉದ್ದನೆಯ ಕಾರ್ಡಿಗೆ ಜಾಗ ಇರುವಂಥ ಕಂಪ್ಯೂಟರನ್ನೇ ಹುಡುಕಿ ತಂದರು. ಕಾರ್ಡ್ ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಮುಚ್ಚುವ ಮುನ್ನ ಅವರು ಕೊಟ್ಟಿದ್ದ ಒಂದು ಫ್ಲಾಪಿ, ಅದರಲ್ಲಿ ಕಾರ್ಡಿನ ಡ್ರೈವರ್, ಜೊತೆಗೆ ಹನ್ನೆರಡು ಪುಟದ ಪುಸ್ತಿಕೆ, ಇಷ್ಟೇ ಉಳಿದದ್ದು. ಡ್ರೈವರ್ ಅಂದರೆ ಕಾರ್ಡಿಗೂ ಪ್ರೋಗ್ರಾಮಿಗೂ ನಡುವೆ ನಿಂತು ಇವರ ಮಾತು ಅವರಿಗೆ ಹೇಳುವ ದುಭಾಷಿಯಂಥದು. ಆ ಹಳೆಯ ದುಭಾಷಿಯ ಜೊತೆ ಹೊಸ ಭಾಷೆಯಲ್ಲಿ ಮಾತಾಡುವ ಪ್ರೋಗ್ರಾಮ್ ಬರೆಯಲು ಸಂಕೇತ್ ಎಂಬ ಇಪ್ಪತ್ತಾರು ವರ್ಷದ ಇಂಜಿನಿಯರನನ್ನು ನೇಮಿಸಿಕೊಂಡರು.

ವೈನಿಗೆ ಮೊದಲ ದಿನವೇ ಅವನು ಸೇರಲಿಲ್ಲ. ಭಟ್ಟಿಯ ಹತ್ತಿರ ಬರಲೇ ಇಲ್ಲವಂತೆ. ಎಸಿ ಕೋಣೆಯಲ್ಲಿ ಕೂತು, ಮರಾಠಿಯಲ್ಲಿ ಎರಡು ಮಾತಾಡಿ, ಮೂರು ವಾರದಲ್ಲಿ ಪರದೆ ಎಬ್ಬಿಸಿಬಿಟ್ಟ. ಚಂದದ ಬಣ್ಣಗಳು, ದೊಡ್ಡ ಭಟ್ಟಿಯ ಎಂಟು ಕೋಣೆಗಳ ಚಿತ್ರ, ಮೇಲೆ ಎಂಟು ಅಂಕಿ. ಸಣ್ಣ ಭಟ್ಟಿಯದನ್ನು ಆಮೇಲೆ ಮಾಡುವುದು, ಅಲ್ಲಿಯವರೆಗೆ ಅದರ ಶಾಖವನ್ನು ಕೈಯಲ್ಲೇ ಬರೆದುಕೊಳ್ಳುವುದು ಎಂದಾಯಿತು.

ವಾನಖೇಡೆ ಸಾಹೇಬರು ಹಳೆಯ ಕಂಪ್ಯೂಟರಿನ ಹಿಂದಿನ ದಿನದ ಅಂಕಿಗಳನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅಲ್ಲೂ ಎಂಟುನೂರ ಅರವತ್ತರ ಆಸುಪಾಸು, ಇಲ್ಲೂ ಅಷ್ಟೇ. "ಬರೋಬರ್," ಅಂದರು.

"ಸಾಹೇಬ, ಎಲ್ಲಾ ಕೋಣೆಗಳೂ ಎಂಟುನೂರ ಅರವತ್ತೇ. ಯಾವುದು ಯಾವ ಕೋಣೆಯದು ಅಂತ ಹೇಗೆ ಗೊತ್ತಾಗಬೇಕು?" ಎಂದು ವೈನಿ ಹಿಂದಿಯಲ್ಲಿ ಕೇಳಿದರು. "ಒಂದೊಂದೇ ತಂತಿ ಹಿಡಿದು ನೋಡುತ್ತೇನೆ."

"ಚಾಲೂ ಭಟ್ಟಿಯ ಪ್ಯಾನೆಲಿಗೆ ಇನ್ನು ಯಾರೂ ಕೈ ಹಚ್ಚಬಾರದು," ಅಂದರು ಸಾಹೇಬರು. "ಆ ಹಳೆಯ ಪದ್ಧತಿ ಎಲ್ಲ ಬಂದ್. ಈಗ ಕಂಪ್ಯೂಟರೇ ತನ್ನನ್ನು ತಾನು ನೋಡಿಕೊಳ್ಳುತ್ತದೆ."

ವೈನಿ ಹೊರಗೆ ಬರುವಾಗ ಸಂಕೇತನ ಕುರ್ಚಿಯ ಹಿಂದೆ ನಿಂತು, ತಮಗಷ್ಟೇ ತಿಳಿಯುವ ಭಾಷೆಯೆಂಬ ಧೈರ್ಯದಿಂದ, "ಕಳ್ಳ ನನ ಮಗ, ಏನ ಮುಚ್ಚಿಟ್ಟಾನೋ," ಅಂದರು. ಅವನು ತಿರುಗಿ ನೋಡಲಿಲ್ಲ.

ಆ ಸಂಜೆ ಮನೆಗೆ ಬಂದವರೇ ಕೈಕಾಲು ತೊಳೆಯದೆ ಅಡಿಗೆಮನೆಯ ಬಾಗಿಲಲ್ಲಿ ನಿಂತರು. "ಸುಮಿ, ಯಾವುದಾದರೂ ಅಂಕಿ ಎಂಟು ತಾಸು ಅಲುಗಾಡದs ಕುಂತರ ನೀ ಏನಂತಿ?"

"ಸ್ಥಿರ ಐತಿ ಅಂತೀನಿ."

"ನಾ ಸತ್ತೈತಿ ಅಂತೀನಿ. ಇಲ್ಲಾ, ಯಾರೋ ಕೂತು ಬರೀಯಾಕತ್ತಾರ."

ವಿಷಯ ಇಷ್ಟು. ದೊಡ್ಡ ಭಟ್ಟಿಯ ನಾಲ್ಕನೇ ಕೋಣೆಗೆ ಒಂದು ಚಾಳಿ ಇತ್ತು. ಅದರ ಪಕ್ಕದ ಕಿಂಡಿಯ ಬಾಗಿಲು ತೆಗೆದಾಗೆಲ್ಲ ಶಾಖ ಆರೇಳು ಡಿಗ್ರಿ ಇಳಿದು ಮತ್ತೆ ಏರುತ್ತಿತ್ತು. ಹತ್ತು ವರ್ಷ ಹಾಗೇ ಆಗಿತ್ತು. ಹೊಸ ಪರದೆಯಲ್ಲಿ ಕಿಂಡಿ ತೆಗೆದರೂ ನಾಲ್ಕನೆಯ ಅಂಕಿ ಕದಲಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ ಐದನೆಯ ಅಂಕಿ. ಆಚೆ ಗೋಡೆಯ ಹತ್ತಿರ ಸಣ್ಣ ಭಟ್ಟಿಯ ಬಾಗಿಲು ತೆಗೆದು ತಣ್ಣನೆಯ ಗೇರು ತುಂಬುವಾಗ, ಈಚೆ ದೊಡ್ಡ ಭಟ್ಟಿಯ ಐದನೆಯ ಅಂಕಿ ಇಳಿಯುತ್ತಿತ್ತು.

"ಅದಕ್ಕೂ ಇದಕ್ಕೂ ಏನ ಸಂಬಂಧ?" ಎಂದು ಅಣ್ಣ ಕೇಳಿದ.

"ಅದನ್ನs ನಾನೂ ಕೇಳೋದು," ಅಂದರು ವೈನಿ. "ಯಾರಿಗೂ ಹೇಳಬ್ಯಾಡ್ರಿ."

ನಾವು ಯಾರಿಗೆ ಹೇಳಬೇಕು? ಆದರೂ ಮುಂದೆ ಹದಿನೈದು ದಿನ ಅಣ್ಣ ಫೋನಿನಲ್ಲಿ ಮಾತಾಡಿದರೆ ವೈನಿ ಒಳಗಿನಿಂದ ಕಿವಿ ಕೊಟ್ಟು ಕೇಳುವರು. ಬ್ಯಾಂಕಿನಲ್ಲಿ ವಾನಖೇಡೆ ಸಾಹೇಬರ ಖಾತೆ ಇದೆ ಎಂಬುದೊಂದೇ ಅಣ್ಣನ ತಪ್ಪು.

ಕಾರ್ಖಾನೆಯಲ್ಲಿ ಅವರಿಗೆ ಒಬ್ಬಳೇ ಗೆಳತಿ, ಕಾಶಿಬಾಯಿ. ಎಣ್ಣೆಯಿಂದ ಹೊರಬಂದ ಗೇರುಗಳನ್ನು ತೊಳೆಯುವ ವಿಭಾಗದಲ್ಲಿ ಕೆಲಸ. ಹದಿಮೂರು ವರ್ಷ ಇಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡಿದವರು, ವೈನಿಯ ಜೋಳದ ರೊಟ್ಟಿ, ಅವಳ ಕಡಲೆಹಿಟ್ಟಿನ ಝುಣಕಾ. ನೋಟುಬುಕ್ಕು ಪ್ಯಾನೆಲಿನ ಪಕ್ಕದ ಡ್ರಾಯರಿನಲ್ಲಿ, ಹಳೆಯ ಕೈಗವಸಿನ ಕೆಳಗೆ ಇರುವುದು ಕಾಶಿಬಾಯಿಗೆ ಮಾತ್ರ ಗೊತ್ತಿತ್ತು.

ಮಾರ್ಚ್ ಕೊನೆಗೆ ಇಂದೋರಿನ ಗಿರಾಕಿಯಿಂದ ಗೇರುಗಳು ವಾಪಸು ಬಂದವು, ಎರಡು ಲಾರಿ. ಮೆತ್ತಗಿವೆ, ಹಲ್ಲು ಸವೆಯುತ್ತವೆ ಎಂದು ಪತ್ರ. ವಾನಖೇಡೆ ಸಾಹೇಬರು ಆ ದಿನಗಳ ದಾಖಲೆ ತೆಗೆಸಿದರು. ಕಂಪ್ಯೂಟರಿನಲ್ಲಿ ಎಂಟೂ ಕೋಣೆ ಎಂಟುನೂರ ಅರವತ್ತು. ಕಂಟ್ರೋಲರ್ ಪೆಟ್ಟಿಗೆಗಳೂ ಅದನ್ನೇ ಹೇಳಿದವು. ಎರಡು ಸಾಕ್ಷಿ ಒಂದೇ ಮಾತು ಹೇಳಿದ ಮೇಲೆ ತಪ್ಪು ಮನುಷ್ಯರದ್ದೇ ಇರಬೇಕು. ಭಟ್ಟಿಯ ಉಪಕರಣಗಳೆಲ್ಲ ಯಾರ ಕೈಯಲ್ಲಿ? ಹೊಸ ಕಂಪ್ಯೂಟರ್ ಬೇಡ ಎಂದವರು ಯಾರು? ಯಾರೂ ಓದಲಾಗದ ಲಿಪಿಯಲ್ಲಿ ದಿನಾ ಏನೋ ಬರೆಯುವವರು ಯಾರು?

ಮರುದಿನ ವೈನಿ ಡ್ರಾಯರ್ ತೆಗೆದರೆ ಕೈಗವಸು ಇತ್ತು, ನೋಟುಬುಕ್ಕು ಇರಲಿಲ್ಲ.

ಸಾಹೇಬರು ಕರೆಸಿದರು. ನೋಟುಬುಕ್ಕು ಅವರ ಮೇಜಿನ ಮೇಲಿತ್ತು. "ಹೇ ಕಾಯ ಆಹೇ, ಲೀಲಾತಾಯಿ? ಏನಿದು?"

"ನನ್ನ ಲೆಕ್ಕ, ಸಾಹೇಬ. ನಾಲ್ಕನೇ ಕೋಣೆಯ ಅಂಕಿ ನಿಜವಲ್ಲ ಅಂತ ಬರೆದಿದ್ದೇನೆ."

"ಹಾಗಿದ್ದರೆ ನಮಗೆ ತಿಳಿಯುವ ಭಾಷೆಯಲ್ಲಿ ಯಾಕೆ ಬರೆಯಲಿಲ್ಲ?"

ಬಚ್ಚಿಡಲು ಬರೆದದ್ದಲ್ಲ, ಆದರೆ ಆ ಪ್ರಶ್ನೆ ಕೇಳಿದೊಡನೆ ಬಚ್ಚಿಟ್ಟಂತೆಯೇ ಅನಿಸಿತಂತೆ. ವಿಚಾರಣೆ ಮುಗಿಯುವವರೆಗೆ ಪ್ಯಾನೆಲಿನ ಕೀಲಿ ಕೊಟ್ಟುಬಿಡಿ ಅಂದರು ಸಾಹೇಬರು. ಕೊಟ್ಟರು. ಹೊರಗೆ ಬಂದಾಗ ಕಾಶಿಬಾಯಿ ಊಟದ ಡಬ್ಬಿ ಹಿಡಿದು ಕಾಯುತ್ತಿದ್ದಳು. ವೈನಿ ಅವಳ ಮುಖವನ್ನೂ ನೋಡದೆ ತಮ್ಮ ಡಬ್ಬಿ ಎತ್ತಿಕೊಂಡು ಇನ್ನೊಂದು ಬೆಂಚಿಗೆ ಹೋದರು. ಮರುದಿನವೂ ಹಾಗೇ. ಕಾಶಿಬಾಯಿ, "ಕಾಯ ಝಾಲಂ, ಏನಾಯಿತು?" ಎಂದು ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳಲಿಲ್ಲ.

ಏಪ್ರಿಲ್ ಮೊದಲ ವಾರ, ಮಧ್ಯಾಹ್ನದ ನಾಲ್ಕು ಗಂಟೆ. ಕಾರ್ಖಾನೆಯ ಗೇಟಿನ ಹೊರಗೆ ಬಸ್ಸಿಗೆ ಕಾಯುತ್ತಿದ್ದಾಗ ಸಂಕೇತ್ ಪಕ್ಕದಲ್ಲಿ ಬಂದು ನಿಂತ. ಸೆರಗನ್ನು ತಲೆಗೆ ಹೊದ್ದಿದ್ದ ವೈನಿ ಇತ್ತ ತಿರುಗಲಿಲ್ಲ.

"ಅಕ್ಕಾ, ನಾಕನೇ ಕೋಣಿ ಸುಳ್ಳು ಅಂತ ಬರದೀರಲ್ಲ, ಯಾಕ?"

ಕನ್ನಡ! ವೈನಿ ಗಕ್ಕನೆ ಅವನತ್ತ ತಿರುಗಿದರಂತೆ.

"ನಿನಗ ಕನ್ನಡ ಬರತೈತೇನು?"

"ನಮ್ಮಪ್ಪ ಕಲಬುರಗಿಯವರು. ಇಲ್ಲೇ ಆರ್ಡನನ್ಸ್ ಫ್ಯಾಕ್ಟರಿದಾಗ ಇದ್ದರು. ಮನಿಯಾಗ ಮಾತಾಡತೀವಿ. ಓದಾಕ ಬರೋಬರ್ ಬರಂಗಿಲ್ಲ."

"ಒಂದೂವರೆ ತಿಂಗಳ ಆತು ನೀ ಬಂದು. ಯಾಕ ಮುಚ್ಚಿಟ್ಟಿ?"

"ನೀವು ನನಗ ಕಳ್ಳ ಅಂದಿರಲ್ಲ ಅಕ್ಕಾ. ಅದನ್ನ ಕೇಳಿದ ಮ್ಯಾಲೆ ಹೆಂಗ ಬಾಯಿ ಬಿಡ್ಲಿ?"

ಅವನೇ ಮುಂದುವರಿಸಿದ. ಅವನ ಅರ್ಜಿಯಲ್ಲಿ ಮಾತೃಭಾಷೆ ಕನ್ನಡ ಎಂದಿದ್ದುದನ್ನು ನೋಡಿ ವಾನಖೇಡೆ ಸಾಹೇಬರು ನೋಟುಬುಕ್ಕು ಅವನ ಕೈಗೇ ಕೊಟ್ಟಿದ್ದರು, ಏನೇನು ಬರೆದಿದ್ದಾಳೆ ಓದಿ ಹೇಳು, ಯಾರಿಗೂ ಗೊತ್ತಾಗಬಾರದು ಅಂತ. ಅವನು ಮನೆಯಲ್ಲಿ ಒಂದೊಂದೇ ಅಕ್ಷರ ಕೂಡಿಸುತ್ತ ಎರಡು ದಿನ ಕೂತ. ಮೂರು ಸಾಲು ತಿಳಿದವು. ಒಂದು, ನಾಲ್ಕು ಸುಳ್ಳು. ಎರಡು, ಸಣ್ಣ ಭಟ್ಟಿ ತೆಗೆದರೆ ಐದು ಇಳಿಯುತ್ತದೆ. ಮೂರನೆಯದು ತನ್ನ ಬಗ್ಗೆಯೇ ಇತ್ತು, ಅದನ್ನು ಅವನು ಹೇಳಲಿಲ್ಲ.

"ಸಾಹೇಬರಿಗೆ ಏನ ಹೇಳಿದಿ?"

"ಇನ್ನೂ ಏನೂ ಹೇಳಿಲ್ಲ. ಐದನೇದು ಇಳೀತೈತಿ ಅಂತ ಬರದಿದ್ದು ಓದಿದ ಮ್ಯಾಲೆ ನನಗ ಅಂಜಿಕಿ ಹತ್ತೈತಿ. ಅದು ಆಗಾಕ ಸಾಧ್ಯ ಇಲ್ಲ. ಆದರ ನಾನೂ ನಿನ್ನೆ ನೋಡಿದೆ. ಇಳೀತು."

ಇವನು ಬಾಯಿ ಬಿಡಿಸಲು ಬಂದಿದ್ದಾನೆ, ಸಾಹೇಬರೇ ಕಳಿಸಿದ್ದಾರೆ ಎಂದೇ ವೈನಿಗೆ ಅನಿಸಿತು. ಬಸ್ಸು ಬಂತು. ಹತ್ತುವ ಮುನ್ನ ಒಂದೇ ಮಾತು ಹೇಳಿದರು. "ನನ್ನ ಹತ್ರ ಕೀಲಿ ಇಲ್ಲ. ಸಾಹೇಬರು ಅದನ್ನ ನಿನ್ನ ಕೈಯಾಗ ಕೊಟ್ಟಾರ. ನಾಳೆ ಊಟದ ಹೊತ್ತಿಗೆ ಪ್ಯಾನೆಲ್ ತಗಿ. ತಂತಿ ನಾ ಹಿಡೀತೀನಿ, ಅಂಕಿ ನೀ ಓದು. ನೀ ಓದಿದ್ದನ್ನ ನಾನೂ ನಿಂತಲ್ಲಿಂದs ನೋಡತಿರತೀನಿ, ನೆನಪಿರಲಿ."

ಮರುದಿನ ಊಟದ ಗಂಟೆ ಹೊಡೆದು ಜನ ಕ್ಯಾಂಟೀನಿಗೆ ಹೋದ ಮೇಲೆ ಸಂಕೇತ್ ಪ್ಯಾನೆಲ್ ತೆಗೆದ. ಮಾನಿಟರನ್ನು ಇಬ್ಬರಿಗೂ ಕಾಣುವಂತೆ ತಿರುಗಿಸಿದ. ವೈನಿ ತಾಮ್ರದ ತುಂಡನ್ನು ಒಂದನೇ ತಂತಿಯ ಸ್ಕ್ರೂಗಳ ಮೇಲೆ ಒತ್ತಿದರು.

"ಒಂದು ಇಳೀತು," ಅಂದ ಸಂಕೇತ್.

ಎರಡನೇ ತಂತಿ. ಪರದೆಯ ಮೇಲೆ ಏನೂ ಆಗಲಿಲ್ಲ. ಇನ್ನೂ ಬಲವಾಗಿ ಒತ್ತಿದರು. ಎಂಟರಲ್ಲಿ ಒಂದೂ ಕದಲಲಿಲ್ಲ.

ಮೂರನೇ ತಂತಿ.

"ಎರಡು ಇಳೀತು," ಅಂದ, ದನಿ ಸಣ್ಣದಾಗಿ.

ನಾಲ್ಕನೇ ತಂತಿಗೆ ಏನೂ ಇಲ್ಲ. ಐದನೆಯದಕ್ಕೆ ಮೂರನೇ ಅಂಕಿ ಇಳಿಯಿತು. ಆರಕ್ಕೆ ಇಲ್ಲ. ಏಳನೆಯ ತಂತಿಗೆ ನಾಲ್ಕನೇ ಅಂಕಿ. ಎಂಟಕ್ಕೆ ಇಲ್ಲ. ಒಂಬತ್ತನೆಯದು ಸಣ್ಣ ಭಟ್ಟಿಯ ಮೊದಲ ಕೋಣೆಯ ತಂತಿ, ಅದನ್ನು ಹಿಡಿದರೆ ದೊಡ್ಡ ಭಟ್ಟಿಯ ಐದನೇ ಅಂಕಿ ಮೂವತ್ತಕ್ಕೆ ಬಿತ್ತು.

"ಬೆಸ ಸಂಖ್ಯಾ ಅಷ್ಟs ಬರಾಕತ್ತಾವು," ಅಂದರು ವೈನಿ. "ಸಮ ಸಂಖ್ಯಾ ಎಲ್ಲಿ ಹೋದವು?"

ಸಂಕೇತ್ ಪುಸ್ತಿಕೆಯ ಒಂದು ಪುಟ ತೆಗೆದ, ತಾನು ಬರೆದದ್ದನ್ನು ತೆಗೆದ, ಎರಡನ್ನೂ ನೋಡಿದ. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕೂತುಬಿಟ್ಟ. ಇದೂ ನಾಟಕವೇ ಇರಬಹುದೆಂದು ವೈನಿ ನೋಡುತ್ತಲೇ ನಿಂತರು.

"ಹೇಳು."

"ಅಕ್ಕಾ, ಡ್ರೈವರ್ ಹದಿನಾರು ತಂತಿ ಓದಿ ಹದಿನಾರು ಅಂಕಿ ಸಾಲಾಗಿ ಇಡತೈತಿ. ಒಂದೊಂದು ಅಂಕಿಗೆ ಎರಡು ಬೈಟ್ ಜಾಗಾ. ಆ ಕಾಲದಾಗ ಅಂಕಿ ಅಂದ್ರ ಅಷ್ಟs ದೊಡ್ಡದು. ನನ್ನ ಹೊಸ ಭಾಷಾದಾಗೂ ಅದಕ್ಕ ಅದೇ ಹೆಸರು. ಆದರ ಜಾಗಾ ನಾಕು ಬೈಟ್. ಹೆಸರು ಒಂದs ಐತಿ ಅಂತ ನಾ ಹಂಗs ಬರದೆ."

ವೈನಿ ಕೈಯಲ್ಲೇ ಅಳತೆ ತೋರಿಸಿದರು. "ಅಂದ್ರ ಡ್ರೈವರ್ ಪಾವಿನ್ಯಾಗ ಅಳದು ಸುರುವ್ಯಾನ. ನೀ ಅದನ್ನ ಅಚ್ಛೇರು ಅಂತ ತಿಳದು ತುಂಬಕೊಂಡಿ. ಎರಡು ಪಾವು ಒಂದ ಅಚ್ಛೇರಿನ್ಯಾಗ ಕೂತವು."

"ಬರೋಬರ್ ಹಂಗs. ಒಂದು ಮತ್ತು ಎರಡನೇ ತಂತಿ ಒಂದರಾಗ. ಮೂರು ನಾಕು ಇನ್ನೊಂದರಾಗ."

"ಎರಡು ಕೂಡಿದ್ರ ಅಂಕಿ ದೊಡ್ಡದು ಕಾಣಬೇಕಲ್ಲ? ಎಂಟುನೂರ ಅರವತ್ತು ಹೆಂಗ ಬಂತು?"

ಸಂಕೇತ್ ತಲೆ ತಗ್ಗಿಸಿದ. "ದೊಡ್ಡದs ಬಂದಿತ್ತು. ಕೋಟಿ ಕೋಟಿ ಬಂತು. ಈ ಕಾರ್ಡಿಗೆ ನಾಕು ಸಾವಿರದ ಮ್ಯಾಲೆ ಹೋಗಾಕ ಬರಂಗಿಲ್ಲ ಅಂತ ಪುಸ್ತಿಕಾದಾಗ ಇತ್ತು. ಮ್ಯಾಲಿನ ಭಾಗ ಕಸಾ ಅಂತ ತಿಳದು ಕತ್ತರಿಸಿ ಒಗದೆ. ಒಗದ ಮ್ಯಾಲೆ ಎಲ್ಲಾ ಎಂಟುನೂರ ಅರವತ್ತು ಬಂತು. ಖುಷಿ ಆತು, ಬಿಟ್ಟೆ. ಒಂಬತ್ತರಿಂದ ಮುಂದ ಬರೀ ಸೊನ್ನಿ ಬರ್ತಿದ್ದವು. ಸಣ್ಣ ಭಟ್ಟಿ ಕೆಲಸ ಮುಂದ ಐತಲ್ಲ ಅಂತ ಆ ಕಡೆ ನೋಡಲಿಲ್ಲ."

"ನೀ ಕಸಾ ಅಂತ ಒಗದಿದ್ದು ಅರ್ಧಾ ಭಟ್ಟಿ," ಅಂದರು ವೈನಿ.

ಹಾಗಾದರೆ ಸುಮಾರು ಒಂದು ತಿಂಗಳಿನಿಂದ ನಿಜವಾದ ನಾಲ್ಕನೇ ಕೋಣೆಯನ್ನು ಯಾರೂ ನೋಡಿರಲೇ ಇಲ್ಲ. ಅದರ ಕಂಟ್ರೋಲರ್ ಪೆಟ್ಟಿಗೆ ಏನು ಹೇಳಿತೋ ಅದೇ ಸತ್ಯವಾಗಿತ್ತು.

ಸಂಕೇತ್ ಕೀಬೋರ್ಡಿಗೆ ಕೈ ಹಾಕಿದ. "ಒಂದು ಶಬ್ದ ಬದಲಿ ಮಾಡಿದ್ರ ಸಾಕು ಅಕ್ಕಾ. ಈಗs ಮಾಡತೀನಿ."

ವೈನಿ ಅವನ ಮಣಿಕಟ್ಟು ಹಿಡಿದುಕೊಂಡರು. "ಕೈ ತಗಿ."

"ಯಾಕ?"

"ಈಗ ನೀ ಬದಲಿ ಮಾಡಿದಿ ಅಂದ್ರ ಎಲ್ಲಾ ಸರಿ ಆಗತೈತಿ. ಸರಿ ಆದ ಮ್ಯಾಲೆ, ಹಿಂದ ತಪ್ಪಿತ್ತು ಅನ್ನೋದಕ್ಕ ಏನು ಸಾಕ್ಷಿ? ಗೇರು ಮೆತ್ತಗಾಗಿದ್ದು ನನ್ನ ತಲಿ ಮ್ಯಾಲs ಉಳೀತೈತಿ. ಮೊದಲ ಸಾಹೇಬರಿಗೆ ತೋರಸು."

"ನಾಳೆ ತೋರಿಸ್ತೀನಿ. ಇವತ್ತು ಒಂದೀಟು ಧೈರ್ಯ ತಗೋತೀನಿ."

"ನಾಳೆ ಅನ್ನೋದನ್ನ ನಾ ನಂಬಂಗಿಲ್ಲ ತಮ್ಮ. ಸಾಹೇಬರು ಊಟಾ ಮುಗಿಸಿ ಬರೂತನಕ ನಾ ಇಲ್ಲೇ ಕುಂದರತೀನಿ."

ಬಾಗಿಲಿಗೆ ಸ್ಟೂಲ್ ಎಳೆದುಕೊಂಡು ಕೂತರು. ಮುಕ್ಕಾಲು ತಾಸು ಕಳೆಯಿತು. ಓಡಿಹೋಗಲು ಅವನಿಗೆ ದಾರಿಯಿರಲಿಲ್ಲ ಎನ್ನುವುದು ಬೇರೆ. ಆದರೆ ಸಾಹೇಬರು ಬಂದಾಗ ಮೊದಲು ಎದ್ದು ನಿಂತವನು ಅವನೇ. "ಸರ್, ತಪ್ಪು ನನ್ನದು," ಎಂದು ಮರಾಠಿಯಲ್ಲಿ ಶುರುಮಾಡಿ ಒಂದನ್ನೂ ಬಿಡದೆ ಹೇಳಿದ. ಕತ್ತರಿಸಿ ಒಗೆದದ್ದನ್ನೂ ಹೇಳಿದ.

ವಾನಖೇಡೆ ಸಾಹೇಬರು ಕೇಳಿ ಮುಗಿಸಿ, ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದರು. "ನೀವಿಬ್ಬರೂ ಕನ್ನಡದವರು ಅಲ್ಲವೇ? ಯಾವಾಗಿನಿಂದ ಮಾತಾಡಿಕೊಂಡಿದ್ದೀರಿ?"

ಸಂಕೇತನ ಮುಖ ಕೆಂಪಾಯಿತು. ವೈನಿ ಮಾತ್ರ ಆ ಹೊತ್ತಿನಲ್ಲಿ ಸಾಹೇಬರನ್ನು ಮೊದಲ ಸಲ ಮೆಚ್ಚಿಕೊಂಡರಂತೆ. ನಾನು ಆ ಜಾಗದಲ್ಲಿದ್ದರೂ ಅದನ್ನೇ ಕೇಳುತ್ತಿದ್ದೆ ಎಂದು ಆಮೇಲೆ ನನಗೆ ಹೇಳಿದರು.

"ನಮ್ಮಿಬ್ಬರನ್ನೂ ನಂಬಬೇಡಿ ಸಾಹೇಬ," ಅಂದರು ವೈನಿ, ತಾಮ್ರದ ತುಂಡನ್ನು ಮುಂದೆ ಹಿಡಿದು. "ನೀವೇ ಹಿಡಿಯಿರಿ. ನಾಲ್ಕನೇ ತಂತಿ, ಎರಡು ಸ್ಕ್ರೂ. ಶಾಕ್ ಹೊಡೆಯುವುದಿಲ್ಲ."

ಸಾಹೇಬರು ಅಂಗಿಯ ತೋಳು ಮಡಚಿ ಬಗ್ಗಿ ಹಿಡಿದರು. ನಾಲ್ಕನೇ ಅಂಕಿ ಎಂಟುನೂರ ಅರವತ್ತೊಂದು ತೋರಿಸುತ್ತಲೇ ಇತ್ತು. ತುಂಡನ್ನು ತಾವೇ ಏಳನೆಯದಕ್ಕೆ ಸರಿಸಿದರು. ನಾಲ್ಕನೇ ಅಂಕಿ ಮೂವತ್ತಾರಕ್ಕೆ ಬಿತ್ತು. ಮತ್ತೆ ನಾಲ್ಕನೇ ತಂತಿಗೆ ಹೋದರು, ಮತ್ತೆ ಏಳಕ್ಕೆ ಬಂದರು. ಹಾಗೆ ಐದಾರು ಸಲ. ಆಮೇಲೆ ಕೈಯಲ್ಲಿ ಹಿಡಿಯುವ ಮೀಟರ್ ತರಿಸಿ, ಅದರ ಉದ್ದನೆಯ ಸಲಾಕೆಯನ್ನು ಕಿಂಡಿಯ ಮೂಲಕ ನಾಲ್ಕನೇ ಕೋಣೆಯೊಳಗೆ ಹಾಕಿಸಿದರು. ಎಂಟುನೂರ ಹದಿನಾಲ್ಕು. ನಲವತ್ತಾರು ಡಿಗ್ರಿ ಕಡಿಮೆ. ಕಂಟ್ರೋಲರ್ ಪೆಟ್ಟಿಗೆಯ ಸ್ವಂತ ತಂತಿ ಹಳೆಯದಾಗಿ, ಹೆಚ್ಚು ಶಾಖ ಇದೆ ಎಂದು ಸುಳ್ಳು ಹೇಳುತ್ತ ಬಂದಿತ್ತು. ಆ ಸುಳ್ಳನ್ನು ಹಿಡಿಯಬೇಕಾಗಿದ್ದ ಅಂಕಿಯನ್ನೇ ಸಂಕೇತ್ ಕತ್ತರಿಸಿ ಒಗೆದಿದ್ದ.

ಅಂದೇ ಭಟ್ಟಿ ನಿಲ್ಲಿಸಿದರು. ಮೂರು ದಿನದಲ್ಲಿ ಪೆಟ್ಟಿಗೆಯ ತಂತಿ ಬದಲಾಯಿತು, ಪ್ರೋಗ್ರಾಮಿನಲ್ಲಿ ಒಂದು ಶಬ್ದ ಬದಲಾಯಿತು. ವೈನಿ ಹದಿನಾರೂ ತಂತಿಗಳನ್ನು ಹಿಡಿದು ನೋಡಿದರು, ಹದಿನಾರೂ ತಮ್ಮ ತಮ್ಮ ಜಾಗದಲ್ಲೇ ಇಳಿದವು. ಮರುದಿನ ಮತ್ತೆ ನೋಡಿದರು. ಸಾಹೇಬರು ಪ್ಯಾನೆಲಿನ ಕೀಲಿಯನ್ನೂ ನೋಟುಬುಕ್ಕನ್ನೂ ತಾವೇ ತಂದುಕೊಟ್ಟರು. ಕ್ಷಮೆ ಕೇಳಲಿಲ್ಲ. ಯಾರ ಪ್ರೋಗ್ರಾಮ್ ಬಂದರೂ ಲೀಲಾತಾಯಿ ತಂತಿ ಹಿಡಿದು ನೋಡದೆ ಚಾಲೂ ಮಾಡಬಾರದು ಎಂದು ನೋಟಿಸ್ ಹಚ್ಚಿಸಿದರು. ಸಂಕೇತನಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು, ಕೆಲಸ ಉಳಿಯಿತು.

ಕೀಲಿ ತೆಗೆದುಕೊಳ್ಳುವಾಗ ವೈನಿ ಒಂದು ಪ್ರಶ್ನೆ ಕೇಳಿದರು. "ನೋಟುಬುಕ್ಕು ಎಲ್ಲಿದೆ ಅಂತ ನಿಮಗೆ ಹೇಳಿದ್ದು ಯಾರು, ಸಾಹೇಬ?"

"ಹೇಳುವುದೇನು? ನನ್ನ ಕೋಣೆಯ ಗಾಜಿನಿಂದ ನಿಮ್ಮ ಡ್ರಾಯರ್ ನೇರ ಕಾಣುತ್ತದೆ. ದಿನಾ ನೋಡುತ್ತಿದ್ದೆ."

ಆ ರವಿವಾರ ವೈನಿ ನನ್ನನ್ನೂ ಕರೆದುಕೊಂಡು ಬುಟಿಬೋರಿಯ ಕಾರ್ಮಿಕರ ಕಾಲನಿಗೆ ಹೋದರು. ಬಸ್ಸಿನಲ್ಲಿ ಪೂರ್ತಿ ಕಿಟಕಿಯ ಹೊರಗೇ ನೋಡುತ್ತಿದ್ದರು. ಒಮ್ಮೆ ಮಾತ್ರ, "ನಾ ಎಷ್ಟು ಮಂದೀನ್ನ ಹಿಂಗ ಸಂಶಯದಿಂದ ನೋಡೀನಿ ಸುಮಿ. ಅವರಿಗೂ ಹಿಂಗs ಆಗಿರಬೇಕಲ್ಲ," ಅಂದರು. ಕಾಶಿಬಾಯಿ ಅಂಗಳದಲ್ಲಿ ಗೋಧಿ ಆರಿಸುತ್ತ ಕೂತಿದ್ದಳು. ಏಳಲಿಲ್ಲ, ಆದರೆ ಕೂರಲು ಚಾಪೆ ಸರಿಸಿದಳು. ವೈನಿ ಮರಾಠಿಯಲ್ಲಿ ಎಲ್ಲ ಹೇಳಿದರು. ನೀನೇ ಹೇಳಿಕೊಟ್ಟೆ ಅಂದುಕೊಂಡೆ, ತಪ್ಪಾಯಿತು ಅಂದರು.

ಕಾಶಿಬಾಯಿ ಮೊರದಿಂದ ಒಂದು ಕಲ್ಲು ಹೆಕ್ಕಿ ಆಚೆ ಎಸೆದಳು. "ಮಷೀನಿನ ಮೇಲೆ ಸಂಶಯ ಬಂದಾಗ ತಂತಿ ಹಿಡಿದು ನೋಡಿದೆ, ಲೀಲಾ. ಒಂದಲ್ಲ, ಹದಿನಾರು. ನನ್ನ ಮೇಲೆ ಬಂದಾಗ ಒಂದು ಮಾತೂ ಕೇಳಲಿಲ್ಲ."

ಕಾಶಿಬಾಯಿ ಚಹಾ ಮಾಡಿಕೊಟ್ಟಳು. ಕುಡಿದು ಬಂದೆವು.

ಮರುವಾರದಿಂದ ಇಬ್ಬರೂ ಮತ್ತೆ ಒಂದೇ ಬೆಂಚಿನಲ್ಲಿ ಕೂತರು, ಆದರೆ ಡಬ್ಬಿಗಳು ಬೇರೆ ಬೇರೆ ತೆರೆದುಕೊಳ್ಳುತ್ತಿದ್ದವು. ಹೀಗೇ ಒಂದು ವರ್ಷ ನಡೆಯಿತು. ಎರಡು ಸಾವಿರದ ಐದರ ಬೇಸಿಗೆಯಲ್ಲಿ ಕಾಶಿಬಾಯಿಯ ಮಗಳಿಗೆ ಐಟಿಐಯಲ್ಲಿ ಸೀಟು ಸಿಕ್ಕಿತು, ವೈನಿ ಕಲಿತ ವಿಭಾಗದಲ್ಲೇ. ಅರ್ಜಿ ತುಂಬಿಸಿದ್ದು, ಸಂದರ್ಶನಕ್ಕೆ ಜೊತೆಗೆ ಹೋದದ್ದು, ಮೊದಲ ದಿನ ವರ್ಕ್‌ಶಾಪಿನ ಬಾಗಿಲವರೆಗೆ ಬಿಟ್ಟುಬಂದದ್ದು ಎಲ್ಲ ವೈನಿಯೇ. ಆ ದಿನ ಮಧ್ಯಾಹ್ನ ಕಾಶಿಬಾಯಿ ವೈನಿಯ ಡಬ್ಬಿಯಿಂದ ಒಂದು ರೊಟ್ಟಿ ಎತ್ತಿಕೊಂಡಳಂತೆ.

ಸಂಜೆ ಮನೆಗೆ ಬಂದು ಅದನ್ನು ಹೇಳುವಾಗ ವೈನಿ ಬಾಗಿಲಲ್ಲೇ ನಿಂತಿದ್ದರು, ಚಪ್ಪಲಿ ಬಿಡುವುದನ್ನೂ ಮರೆತಿದ್ದರು.